ಓಣಿಗೆ ಅಡ್ಡ ಕಟ್ಟಿದ ಫ್ಲೆಕ್ಸ್

ಮುಂದೆ ಹೆಗಲು ಕೊಟ್ಟಿದ್ದವರು ತಡೀರಿ ಎನ್ನುವಷ್ಟರಲ್ಲಿ ಹೆಣದ ವಿಮಾನದ ಬಿದಿರು ಫ್ಲೆಕ್ಸಿಗೆ ತಾಗಿ, ಒಳಗೆ ಕೂರಿಸಿದ್ದ ಗಾಳೆಮ್ಮನ ತಲೆ ಒಂದು ಕಡೆ ವಾಲಿತು. ಮಗಳು ಅಮರೇಶ್ವರಿ ಓಡಿಬಂದು ಅವ್ವನ ಗದ್ದ ಹಿಡಿದು ನೆಟ್ಟಗೆ ಮಾಡಿದಳು. ವಿಮಾನವನ್ನು ಓಣಿಯ ನಡುವೆ ಇಳಿಸಿದರು. ಭಜನೆಯವರ ತಾಳ ನಿಂತಿತು.

ಫ್ಲೆಕ್ಸನ್ನು ಈ ಗೋಡೆಯಿಂದ ಆ ಗೋಡೆಗೆ ಅಡ್ಡ ಕಟ್ಟಿದ್ದರು. ಮುಖಂಡರೊಬ್ಬರ ಹುಟ್ಟುಹಬ್ಬ. ಸುತ್ತ ಶುಭ ಕೋರುವವರ ಇಪ್ಪತ್ತು ಮುಖಗಳು. ಅವುಗಳಲ್ಲೊಂದು, ಫ್ಲೆಕ್ಸ್ ಕಟ್ಟಿಸಿದ ಪಂಪಾಪತಿಯದು. ಎದುರಿನ ಪಾನ್ ಅಂಗಡಿಯಿಂದ ಅವನೇ ಎದ್ದು ಬಂದ. ಸಾಹೇಬರು ಇನ್ನೊಂದು ತಾಸಿಗೆ ಇದೇ ದಾರಿಯಲ್ಲಿ ಬರುತ್ತಾರೆ, ಬಿಚ್ಚಿದರೆ ಮತ್ತೆ ಕಟ್ಟುವವರು ಸಿಗುವುದಿಲ್ಲ ಎಂದ.

“ಮುದುಕಿನ್ನ ಸ್ವಲ್ಪ ಬಗ್ಗಿಸಿ ದಾಟಿಸಿಬಿಡ್ರಲೇ. ಆಕಿಗೇನು ಗೊತ್ತಾಕೈತಿ.”

ಕೂರಿಸಿದ ಹೆಣವನ್ನು ಮಣ್ಣಿಗಿಡುವ ತನಕ ಬಾಗಿಸುವ ಪದ್ಧತಿಯಿಲ್ಲ ಎಂದು ಗುರುಗುಂಟಾದಿಂದ ಬಂದ ಹಿರಿಯರೊಬ್ಬರು ಗೊಣಗಿದರು. ಆದರೆ ಬಿಸಿಲು ಏರುತ್ತಿತ್ತು. ಹಿಂದಿನ ದಾರಿಯನ್ನು ಚರಂಡಿಗೆಂದು ಅಗೆದು ಹಾಕಿದ್ದರು; ಅದರ ಕೆಸರು ಓಣಿಯ ತನಕ ಹರಡಿತ್ತು. ಹೊತ್ತವರು ಅಮರೇಶ್ವರಿಯ ಮುಖ ನೋಡಿದರು.

*

ಎರಡು ವರ್ಷದ ಹಿಂದೆ ಪುರಸಭೆ ಆಫೀಸಿನವರು ಟೇಪು ಹಿಡಿದು ಇದೇ ಓಣಿಗೆ ಬಂದಿದ್ದರು. ಗಾಳೆಮ್ಮನ ಹೊಲಿಗೆ ಅಂಗಡಿ ಒಂದು ಸಂದಿಯೊಳಗಿತ್ತು. ಮಸ್ಕಿ ಬಸ್ಸಿಳಿದು ಬರುವ ಹೆಂಗಸರಿಗೆ ಕಾಣಲೆಂದು, ಪೇಂಟರ್ ಅಲ್ಲಾಭಕ್ಷ್‌ನಿಂದ ತಗಡಿನ ಮೇಲೆ ‘ಗಾಳೆಮ್ಮ ಜಂಪರ ಹೊಲಿಗೆ’ ಎಂದು ಬರೆಸಿ, ಸಂದಿಯ ಬಾಯಲ್ಲಿ ಹೊರಕ್ಕೆ ಚಾಚಿ ಹೊಡೆಸಿದ್ದಳು. ಅದು ಒಂದೂವರೆ ಅಡಿ ಮುಂದೆ ಬಂದಿದೆ, ನಿಯಮದ ಪ್ರಕಾರ ಅಂಗಡಿಯ ಗೋಡೆಗೇ ಅಂಟಿಕೊಂಡಿರಬೇಕು ಎಂದರು. ಅಲ್ಲಿ ಅಂಟಿಸಿದರೆ ಯಾರಿಗೂ ಕಾಣದು. ಅವಳು ಮೂರು ಸಲ ಆಫೀಸಿಗೆ ಅಲೆದಳು. ಸರ್ಕಲ್ಲಿನ ಫ್ಲೆಕ್ಸುಗಳು ರಸ್ತೆಯ ಮೇಲೇ ನಿಂತಿವೆಯಲ್ಲ ಎಂದು ಕೇಳಿದ್ದಕ್ಕೆ, ಟೇಬಲ್ಲಿನ ಹಿಂದಿದ್ದವನು ತಲೆ ಎತ್ತದೆ, “ಅವು ತಾತ್ಕಾಲಿಕ ಯಮ್ಮಾ. ನಿಂದು ಕಾಯಂ” ಅಂದಿದ್ದ.

ತಗಡು ಕಿತ್ತುಕೊಂಡು ಹೋದರು. ಮರುದಿನದಿಂದ ಗಾಳೆಮ್ಮ ಸಂದಿಯ ಬಾಯಿಗೆ ಸ್ಟೂಲು ಹಾಕಿ ಕೂತಳು. ಹುಕ್ಕು ಹಚ್ಚುವುದು, ಅಂಚು ಹೊಲಿಯುವುದು ಎಲ್ಲ ಅಲ್ಲೇ. ಟೈಲರ್ ಅಂಗಡಿ ಎಲ್ಲಿ ಎಂದು ಯಾರಾದರೂ ಕೇಳಿದರೆ, “ನಾನ ನೋಡವ್ವ” ಎನ್ನುತ್ತಿದ್ದಳು. ಎರಡು ಬೇಸಿಗೆ ಹಾಗೇ ಕಳೆದವು. ನಿನ್ನೆ ಮಧ್ಯಾಹ್ನ ಗೋಡೆಗೆ ಒರಗಿದ್ದವಳು ಏಳಲಿಲ್ಲ. ಕೈಯಲ್ಲಿ ಇನ್ನೂ ಸೂಜಿ ಇತ್ತು.

*

“ಫ್ಲೆಕ್ಸು ಎರಡ ದಿನದ್ದು ಐತಿ ತಂಗಿ,” ಪಂಪಾಪತಿ ದನಿ ತಗ್ಗಿಸಿದ. “ಇದಕ್ಯಾಕ ಜಗಳ?”

ಅಮರೇಶ್ವರಿ ಗಂಡಸರ ಗುಂಪಿನಲ್ಲಿ ಎಂದೂ ಬಾಯಿ ತೆರೆದವಳಲ್ಲ. ಅವ್ವನ ಗದ್ದದಿಂದ ಕೈ ತೆಗೆಯದೆ ಹೇಳಿದಳು.

“ನಮ್ಮವ್ವಂದು ಒಂದೂವರಿ ಅಡಿ ಹೆಚ್ಚಾತಂತ ಕಿತ್ತಗಂಡು ಹೋದ್ರು ಅಣ್ಣ. ಇದು ಓಣಿನ ನುಂಗೈತಿ. ಇದಕ್ಕ ಯಾರು ಟೇಪ್ ಹಿಡದ್ರು? ಆಕಿನ್ನ ನಾ ಬಗ್ಗಸಂಗಿಲ್ಲ. ಸಂಜಿತನ ಇಲ್ಲೇ ಕುಂದ್ರತಾಳ. ನಿಮ್ಮ ಸಾಹೇಬ್ರು ಬಂದು ಕೈಮುಗದು ಹೋಗಲಿ.”

ಗುಂಪಿನ ಹಿಂದಿದ್ದ ಅಲ್ಲಾಭಕ್ಷ್ ಕೆಮ್ಮಿದ. “ಪಂಪಣ್ಣ, ನಿನ್ನ ಮಕನೂ ಅದರಾಗ ಐತಲ್ಲ. ಅದನ್ನ ಸ್ವಲ್ಪ ಮಡಚಿಕೋ.”

ಸಾವಿನ ಮನೆಯವರೂ ನಕ್ಕರು. ಪಂಪಾಪತಿ ಫೋನು ಕಿವಿಗಿಟ್ಟುಕೊಂಡ.

ಅಷ್ಟರಲ್ಲಿ ಮೇಲಿನ ಕಿಟಕಿ ತೆರೆಯಿತು. ಇಪ್ಪತ್ತು ವರ್ಷ ಗಾಳೆಮ್ಮನ ಹತ್ತಿರವೇ ಜಂಪರ ಹೊಲಿಸಿದ್ದ ರಾಜಾಬೀ, ತನ್ನ ಕಿಟಕಿಯ ಸರಳಿಗೆ ಬಿಗಿದಿದ್ದ ಹಗ್ಗವನ್ನು ಮುಟ್ಟಿ ನೋಡಿದಳು.

“ಯಾರನ್ನ ಕೇಳಿ ಕಟ್ಟಿದೆಪಾ ಇದನ್ನ, ನನ್ನ ಕಿಟಕಿಗಿ?”

ಅವನು ಫೋನು ಕಿವಿಯಿಂದ ತೆಗೆಯುವಷ್ಟರಲ್ಲಿ ಅವಳು ಒಳಗೆ ಹೋಗಿ ಚಾಕು ತಂದಳು.

ಫ್ಲೆಕ್ಸ್ ಒಂದು ಕ್ಷಣ ಗಾಳಿ ತುಂಬಿ ಉಬ್ಬಿ, ಓಣಿಯ ಮೇಲೆ ಬಿತ್ತು. ಯಾರೂ ಅದನ್ನು ಸರಿಸಲಿಲ್ಲ. ವಿಮಾನ ಮತ್ತೆ ಹೆಗಲಿಗೇರಿತು. ಹೊತ್ತವರ ಬರಿಗಾಲಿಗೆ ಚರಂಡಿಯ ಕೆಸರು ಮೆತ್ತಿತ್ತು. ಗಾಳೆಮ್ಮ ನೆಟ್ಟಗೆ ಕೂತು ಫ್ಲೆಕ್ಸಿನ ಮೇಲೇ ಹಾದುಹೋದಳು. ಮೆರವಣಿಗೆ ದಾಟಿದ ಮೇಲೆ ಪಂಪಾಪತಿ ಮೊಣಕಾಲೂರಿ ಕೂತು, ಹೆಗಲ ಮೇಲಿನ ಟವೆಲಿನಿಂದ, ಅಷ್ಟು ಮುಖಗಳಲ್ಲಿ ಮೊದಲು ತನ್ನದನ್ನು ಒರೆಸತೊಡಗಿದ.