ಹಡಗಿನಲ್ಲಿ ಕೂತವರು

ಹಡಗಿಗೆ ಒಂದೇ ಪಕ್ಕ ಇತ್ತು. ಕ್ಯಾಮೆರಾ ನೋಡುವ ಕಡೆ ತುಕ್ಕಿನ ಬಣ್ಣ ಬಳಿದ ಪ್ಲೈವುಡ್ಡು, ಹಿಂಬದಿಯಲ್ಲಿ ಬರೀ ಸರ್ವೆಮರ, ಕಬ್ಬಿಣದ ಪೈಪು, ತಂತಿ. ಸಮುದ್ರವೆಂದು ಕೆಳಗೆ ಇದ್ದದ್ದು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ಕೆಲಸ ನಿಂತುಹೋದ ಕರಿಕಲ್ಲಿನ ಕ್ವಾರಿ. ಅದರೊಳಗೆ ಮೂರು ವರ್ಷದ ಮಳೆನೀರು. ಮಿಕ್ಕ ಸಮುದ್ರವನ್ನೂ ರಾತ್ರಿಯನ್ನೂ ಆಮೇಲೆ ಕಂಪ್ಯೂಟರಿನಲ್ಲಿ ಹಾಕುತ್ತಾರಂತೆ. ಸದ್ಯಕ್ಕೆ ಇದ್ದದ್ದು ಹನ್ನೊಂದು ಗಂಟೆಯ ಬಿಸಿಲು.

ನನ್ನ ಕೆಲಸ ಕಂಟಿನ್ಯೂಟಿ. ಎಂ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿದ್ದವಳಿಗೆ ಗುಂಡ್ಲುಪೇಟೆಯ ಶಾಂತರಾಜು ಕೊಡಿಸಿದ್ದು. ಸಿನಿಮಾದವರಿಗೆ ಜನ ಒದಗಿಸುವವರು ಅವರೇ. "ನೀನು ದಿನಾ ಡೈರಿ ಬರೀತಿಯಂತಲ್ಲಮ್ಮಿ, ಇದೂ ಅದೇಯ" ಅಂದಿದ್ದರು. ಯಾರು ಎಲ್ಲಿ ಬಿದ್ದಿದ್ದರು, ಯಾರ ಸೆರಗು ನೆನೆದಿತ್ತು, ಯಾರ ಕೈ ಯಾವ ಕಡೆ ಇತ್ತು ಎಂದು ಬರೆದಿಡಬೇಕು, ಮುಂದಿನ ಶಾಟಿನಲ್ಲೂ ಎಲ್ಲ ಹಾಗೇ ಇರಬೇಕಲ್ಲ. ಬಾಯಿ ಬಿಡಬೇಕಾಗಿಲ್ಲದ ಕೆಲಸ. ಅದಕ್ಕೇ ಒಪ್ಪಿಕೊಂಡಿದ್ದೆ.

ಕಥೆ ಇಷ್ಟು: ನಲವತ್ತು ವರ್ಷದ ಹಿಂದೆ ಕಾಣೆಯಾದ ಹಡಗು ತಾನಾಗಿಯೇ ತಿರುಗಿ ಬರುತ್ತದೆ. ನಾಯಕ ಹತ್ತಿ ನೋಡಿದರೆ ಡೆಕ್ಕಿನ ತುಂಬ ಹೆಣ. ಅವನು ಬೆನ್ನು ತಿರುಗಿಸಿದಾಗ ಹೆಣಗಳೆಲ್ಲ ಒಟ್ಟಿಗೆ ಕಣ್ಣು ಬಿಡುತ್ತವೆ. ಹೆಣಗಳು ಇಪ್ಪತ್ತು. ಅರ್ಧ ನಮ್ಮ ಹರವೆಯವರು, ಅರ್ಧ ಹಂಗಳದವರು. ಒಬ್ಬರೂ ಸಮುದ್ರ ನೋಡಿದವರಲ್ಲ.

ಅವರಲ್ಲಿ ಒಬ್ಬಳು ನನ್ನ ಅಜ್ಜಿ ಪುಟ್ಟಮಲ್ಲಮ್ಮ. ನಾನು ಕರೆದಿರಲಿಲ್ಲ. "ಗೋಡೆ ನೋಡ್ಕಂಡು ಎಷ್ಟೊತ್ತು ಅಂತ ಇರನ, ನಾನೂ ಬತ್ತಿನಿ" ಎಂದು ತಾನೇ ಹೊರಟಿದ್ದಳು. ತಾತ ಹೋಗಿ ಏಳು ತಿಂಗಳಾಗಿತ್ತು. ಮೇಕಪ್ಪಿನ ಹೆಂಗಸು ಮುಖಕ್ಕೆ ಬಿಳಿಪುಡಿ ಹಚ್ಚುವಾಗ, "ಹಚ್ಚವ್ವ, ಇಭೂತಿ ಅಂದ್ಕತೀನಿ" ಅಂದಳು.

ಬೆಳಿಗ್ಗೆ ಬಾತು ತಿನ್ನುವಾಗ ಅಜ್ಜಿ ಕೇಳಿದ್ದಳು: "ಸಮುದ್ರದ ಮ್ಯಾಲೆ ಸತ್ರೆ ಎಲ್ಲಿ ಮಣ್ಣು ಮಾಡ್ತಾರಮ್ಮಿ?"

"ಅಲ್ಲಿ ಮಣ್ಣೆಲ್ಲಿ ಬಂತು ಅಜ್ಜಿ, ಬಟ್ಟೆ ಸುತ್ತಿ ನೀರಿಗೆ ಬಿಡ್ತಾರೆ."

"ಕೂರ್ಸಿ ಬುಡ್ತಾರ, ಮನಗ್ಸಿ ಬುಡ್ತಾರ?"

ನಾನು ತಟ್ಟೆ ತೊಳೆಯಲು ಎದ್ದುಹೋದೆ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಉಸಿರು ಹೋದ ಕೂಡಲೇ ಕಾಲು ಮಡಿಸಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಗುಣಿಯಲ್ಲೂ ಹಾಗೇ, ಎಡ ಅಂಗೈಯಲ್ಲಿ ಲಿಂಗ ಹಿಡಿದು ಕೂತಿರುತ್ತಾರೆ. ನಮ್ಮ ಹೊಲದ ಬದಿಯಲ್ಲಿ ತಾತನ ಅಪ್ಪ, ಅಮ್ಮ, ಅಣ್ಣ ಎಲ್ಲರೂ ಕೂತಿದ್ದಾರೆ. ತಾತ ವೃಷಭೇಂದ್ರಪ್ಪ ಒಬ್ಬರೇ ಮಲಗಿದ್ದಾರೆ.

ಅವರು ಹೋದದ್ದು ಮೈಸೂರಿನ ಆಸ್ಪತ್ರೆಯಲ್ಲಿ, ಬೆಳಿಗ್ಗೆ ಆರಕ್ಕೆ. ಪಕ್ಕದಲ್ಲಿ ನಾನೊಬ್ಬಳೇ ಇದ್ದೆ. ನರ್ಸು ಬಂದು ಕಾಲು ನೆಟ್ಟಗೆ ಚಾಚಿಸಿ ಎರಡೂ ಹೆಬ್ಬೆರಳನ್ನು ಸೇರಿಸಿ ಕಟ್ಟಿದಳು. 'ಬೇಡ, ನಮ್ಮಲ್ಲಿ ಕಾಲು ಮಡಿಸಬೇಕು' ಎಂಬ ವಾಕ್ಯ ನನ್ನ ಬಾಯಲ್ಲಿ ಪೂರ್ತಿ ತಯಾರಾಗಿತ್ತು. ಅವಳು ಅವಸರದಲ್ಲಿದ್ದಳು. ವಾಕ್ಯ ಬಾಯಲ್ಲೇ ಉಳಿಯಿತು. ಕಾಗದಪತ್ರ ಮುಗಿದು ಆಂಬುಲೆನ್ಸು ಹರವೆ ಮುಟ್ಟಿದಾಗ ಮಧ್ಯಾಹ್ನ. ತಾತನ ಕಾಲು ಮರದ ಹಾಗೆ ಆಗಿತ್ತು. ಒಳಗೆ ಏನು ಮಾಡುತ್ತಾರೋ ನೋಡಲಾರದೆ ನಾನು ಹಿತ್ತಲಲ್ಲಿ ನಿಂತಿದ್ದೆ. ಆ ದಿನದ ಡೈರಿಯ ಪುಟ ಖಾಲಿ ಇದೆ.

"ಎಲ್ಲರೂ ಸಾಯ್ರಪ್ಪ!" ಎಂದು ಸಹನಿರ್ದೇಶಕ ರೇವಂತ್ ಮೈಕಿನಲ್ಲಿ ಕೂಗಿದರು.

ಎಲ್ಲರೂ ಬಿದ್ದರು. ಹಂಗಳದ ಮಲ್ಲಾಜಮ್ಮ ಎಲ್ಲರಿಗಿಂತ ಮೊದಲು ಬಿದ್ದು ನಿಜವಾಗಿಯೂ ನಿದ್ದೆ ಹೋದಳು. ಅಜ್ಜಿ ಮಾತ್ರ ನಿಧಾನಕ್ಕೆ ಹಾಯಿಕಂಬದ ಬುಡಕ್ಕೆ ಹೋಗಿ, ಚಕ್ಕಂಬಕ್ಕಳ ಹಾಕಿ, ಎಡ ಅಂಗೈ ತೆರೆದಿಟ್ಟು ಕಣ್ಣು ಮುಚ್ಚಿದಳು.

"ಅಜ್ಜಿ, ಸಾಯ್ಬೇಕು" ಎಂದರು ರೇವಂತ್.

"ಸತ್ತಿವ್ನಿ ಕಣಪ್ಪ."

"ಸತ್ತೋರು ಕೂತ್ಕೊಳಲ್ಲ ಅಜ್ಜಿ."

"ನಿಮ್ ಕಡೆ ಕೂರಲ್ವೇನೊ."

ಹೆಣಗಳು ನಕ್ಕವು. ನಮ್ಮೂರಿನ ನಿಂಗರಾಜು ಬಿದ್ದಲ್ಲಿಂದಲೇ, "ಪುಟ್ಟಮಲ್ಲಕ್ಕ ಬಸ್ಸು ಕಾಯ್ತಾ ಕುಂತವ್ಳೆ ಕಣ್ಲಾ!" ಅಂದ. ಆ ಟೇಕು ಹೋಯಿತು. ಮುಂದಿನದು ಮಲ್ಲಾಜಮ್ಮನ ಗೊರಕೆಗೆ ಹೋಯಿತು. ಅದರ ಮುಂದಿನದರಲ್ಲಿ ಮಂಜಿಗೆಂದು ಬಿಟ್ಟ ಹೊಗೆ ಉಲ್ಟಾ ಬಂದು ನಾಯಕನೇ ಕೆಮ್ಮಿದ. ಅಷ್ಟರಲ್ಲೂ ಅಜ್ಜಿ ಅಲುಗಿರಲಿಲ್ಲ. ಬಿಸಿಲಿಗೆ ಪ್ಲೈವುಡ್ಡಿನ ಬಣ್ಣ ಕಾದು ತಲೆ ಸಿಡಿಯುತ್ತಿತ್ತು.

ಆರನೆಯ ಟೇಕಿಗೆ ನಿರ್ದೇಶಕರು ಕುರ್ಚಿ ಬಿಟ್ಟು ಎದ್ದು ಬಂದರು. ಮೂರು ದಿನದಿಂದ ಅವರು ಸರಿಯಾಗಿ ಮಲಗಿರಲಿಲ್ಲ. ಮೇಕಪ್ಪಿಲ್ಲದೆಯೇ ಅವರ ಮುಖ ನಮ್ಮ ಹೆಣಗಳ ಮುಖದ ಹಾಗಿತ್ತು. "ಮಲಗಿಸ್ರಿ ಅವರನ್ನ, ಇಲ್ಲ ಇಳಿಸ್ರಿ" ಎಂದಷ್ಟೇ ಹೇಳಿದರು.

"ಶಿವಾನಿ, ನಿಮ್ಮಜ್ಜಿ ಅಲ್ವ? ಸ್ವಲ್ಪ ಹೇಳ್ರಿ" ಎಂದರು ರೇವಂತ್.

ನಾನು ಪುಸ್ತಕ ಹಿಡಿದು ಕಂಬದ ಹತ್ತಿರ ಹೋದೆ. ಅಜ್ಜಿ ಕಣ್ಣು ಬಿಡದೆ ಮೆಲ್ಲಗೆ ಅಂದಳು: "ಒಂದ್ಸಲ ಚಾಚ್ಬುಟ್ರೆ ಆಮ್ಯಾಲೆ ಮಡ್ಸಕ್ಕಾಗಲ್ಲ ಕಣಮ್ಮಿ."

ಅಷ್ಟರಲ್ಲಿ ಸೆಟ್ಟಿನ ಕೆಲಸದವನೊಬ್ಬ ಬಗ್ಗಿ ಅಜ್ಜಿಯ ಪಾದಕ್ಕೆ ಕೈ ಹಾಕಿದ. ಒರಟಾಗಿಯೇನೂ ಅಲ್ಲ, ಆ ನರ್ಸಿನ ಹಾಗೆಯೇ, ಕೆಲಸ ಮುಗಿಸುವವರ ಹಾಗೆ.

"ಬೇಡ! ನಮ್ಮಲ್ಲಿ ಕಾಲು ಮಡಿಸ್ಬೇಕು!"

ಕ್ವಾರಿಯ ಗೋಡೆ 'ಬೇಕು' ಎಂದು ವಾಪಸು ಹೇಳಿದಾಗಲೇ ನಾನು ಅಷ್ಟು ಜೋರಾಗಿ ಕೂಗಿದ್ದು ನನಗೆ ಗೊತ್ತಾದದ್ದು. ಹೆಣಗಳು ಒಂದೊಂದಾಗಿ ತಲೆಯೆತ್ತಿ ನೋಡಿದವು.

"ಏನಂತೆ?" ನಿರ್ದೇಶಕರು ಕೇಳಿದರು.

"ನಮ್ಮಲ್ಲಿ ಸತ್ತವರನ್ನ ಕೂರಿಸ್ತಾರೆ ಸಾರ್. ಅಜ್ಜಿ ಸರಿಯಾಗೇ ಸತ್ತಿದ್ದಾರೆ."

ಅವರು ಬಿಸಿಲು ನೋಡಿದರು, ಗಡಿಯಾರ ನೋಡಿದರು. ಮೆಚ್ಚಲೂ ಇಲ್ಲ, ಬೈಯಲೂ ಇಲ್ಲ. "ಒಬ್ಬರು ಕೂತಿರಲಿ. ಆ ಕಡೆ ಹೊಗೆ ಜಾಸ್ತಿ ಬಿಡ್ರಿ" ಎಂದು ಕುರ್ಚಿಗೆ ಹೋದರು.

ನಾನು ಬರೆದುಕೊಂಡೆ: ಕಂಬದ ಬುಡ, ಪುಟ್ಟಮಲ್ಲಮ್ಮ. ಕೂತಿದ್ದಾರೆ. ಎಡ ಅಂಗೈ ಮೇಲ್ಮುಖ. ಒಮ್ಮೆ ಹಾಗೆಂದು ಬರೆದ ಮೇಲೆ ಎಲ್ಲ ಶಾಟಿಗೂ ಹಾಗೇ ಇರಬೇಕು. ಅಜ್ಜಿ ನಾಲ್ಕು ಗಂಟೆಯವರೆಗೂ ಕೂತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿಯ ಸುಕ್ಕುಗಳ ಒಳಗೆ ಬಿಳಿಪುಡಿ ಹಾಗೇ ಉಳಿದಿತ್ತು. ಸುಸ್ತಿನಲ್ಲಿ ನನಗೆ ಮುಚ್ಚಿಡುವ ಶಕ್ತಿಯೂ ಇರಲಿಲ್ಲವೇನೋ. ಆಸ್ಪತ್ರೆಯಲ್ಲಿ ಆದದ್ದನ್ನೆಲ್ಲ ಹೇಳಿಬಿಟ್ಟೆ: ನರ್ಸು, ಕಟ್ಟಿದ ಹೆಬ್ಬೆರಳು, ಬಾಯಲ್ಲೇ ಉಳಿದ ಮಾತು. ನನ್ನಿಂದಲೇ ತಾತ ಮಲಗುವಂತಾಯಿತು ಎಂದೆ.

ಅಜ್ಜಿ ಕಿಟಕಿಯಾಚೆ ಚೆಂಡುಹೂವಿನ ಹೊಲ ನೋಡುತ್ತಿದ್ದಳು.

"ನೀನು ಹಿತ್ತಲಲ್ಲಿದ್ದೆ, ನಿಂಗೆ ಗೊತ್ತಿಲ್ಲ" ಅಂದಳು. "ಬಿಸ್ನೀರು ಉಯ್ದು ನೀವುದ್ರೆ ಮಡುಸ್ಬೌದು ಅಂದ್ರು ಐನೋರು. ನೀವುದ್ರು. ಒಂದು ಮಂಡಿ ಲಟಕ್ ಅಂತು. ಹತ್ತೊರ್ಸ ಆ ಮಂಡಿಗೆ ಎಣ್ಣೆ ಹಚ್ಚಿವ್ನಿ ಕಣಮ್ಮಿ ನಾನು. ಬುಡಿ, ನೋಯಿಸ್ಬ್ಯಾಡಿ, ಹಂಗೇ ಮನಗ್ಸಿ ಅಂದೋಳು ನಾನೇಯ."

"ಮತ್ತೆ ಇವತ್ತು ಯಾಕೆ ಅಷ್ಟು ಹಠ?" ಎಂದೆ.

"ನನ್ ಮಂಡಿ ಇನ್ನೂ ಮಡುಸ್ತದಲ್ಲ."

ಹರವೆ ಬಂತು. ಅಜ್ಜಿ ಮುಂದಿನ ಸೀಟಿನ ಕಂಬಿ ಹಿಡಿದು ಏಳಲು ನೋಡಿದಳು, ಆಗಲಿಲ್ಲ. "ಹಿಡ್ಕಂಡ್ಬುಟ್ಟದೆ ಕಣಮ್ಮಿ" ಎಂದು ಮತ್ತೆ ಕೂತಳು. ಕಂಡಕ್ಟರು ಬಾಗಿಲಲ್ಲಿ, "ಬೇಗ ಬೇಗ ಇಳೀರಮ್ಮ, ಲೇಟಾಯ್ತದೆ" ಎಂದು ಸೀಟಿ ಬಾಯಿಗಿಟ್ಟ.

"ಊದ್ಬೇಡಿ," ಅಂದೆ. "ಅಜ್ಜಿ ಕಾಲು ಚಾಚೋವರೆಗೂ ನಿಲ್ಸಿ."

ಇಡೀ ಬಸ್ಸು ತಿರುಗಿ ನೋಡಿತು. ನಾನು ಸೀಟುಗಳ ನಡುವೆ ನೆಲಕ್ಕೆ ಕೂತು ಎರಡೂ ಕೈಯಿಂದ ಅಜ್ಜಿಯ ಮಂಡಿ ನೀವತೊಡಗಿದೆ. ಡ್ರೈವರು ಕನ್ನಡಿಯಲ್ಲಿ ಒಮ್ಮೆ ನೋಡಿ ಎಂಜಿನ್ ಆಫ್ ಮಾಡಿದ.