ಗಾಳಿಯಲ್ಲಿ ಒಂದು ಗಂಟೆ ಐದು ನಿಮಿಷ

ಆರುನೂರ ನಲವತ್ತೆರಡು ಕಿಲೋಮೀಟರ್, ಒಂದು ಗಂಟೆ ಐದು ನಿಮಿಷ, ಮೇಷ್ಟ್ರು ಮೊಬೈಲನ್ನು ಅವನ ಮೂಗಿನ ಹತ್ತಿರವೇ ಹಿಡಿದಿದ್ದಾರೆ, ಈಗಷ್ಟೇ ಹುಟ್ಟಿದ ಮಗುವಿನ ಫೋಟೋ ತೋರಿಸುವ ಹಾಗೆ, ಹೃದಯ ಹೊರಡೋ ಏರ್‌ಪೋರ್ಟಿಂದ ನಮ್ಮ ಏರ್‌ಪೋರ್ಟಿಗೆ ಇಷ್ಟೇ ನೋಡಿ, ತೆಗೆದ ಹೃದಯ ನಾಲ್ಕು ಗಂಟೆ ತಡೆಯುತ್ತಂತೆ, ಆರಾಮಾಗಿ ಬಂದುಬಿಡುತ್ತೆ ಅಲ್ವಾ — ಹೂಂ ಅಂದ, ಉಳಿದದ್ದು ಮನಸ್ಸಲ್ಲೇ, ಬರುತ್ತೆ, ನಿಮ್ಮ ಹೆಂಡತಿಗೆ ಬರುತ್ತೆ, ನನ್ನವಳಿಗಲ್ಲ. ಇವಳ ಹೆಸರು ಆಸ್ಪತ್ರೆಯ ಪಟ್ಟಿಗೆ ಸೇರಿ ಎಂಟು ತಿಂಗಳು, ಮೇಷ್ಟ್ರ ಹೆಂಡತಿಯದು ಐದೇ, ಆದರೂ ಆಕೆಯೇ ಮೊದಲು, ಆಕೆಯ ಸ್ಥಿತಿ ಹೆಚ್ಚು ಕೆಟ್ಟಿದೆಯಂತೆ, ಸಾಯುವುದರಲ್ಲೂ ಒಂದು ಹೆಜ್ಜೆ ಮುಂದೆ, ಇವಳು ಪಕ್ಕದ ಮಂಚದಲ್ಲಿ ಎರಡನೆಯವಳಾಗಿ, ಬೆಳಗಿನಿಂದ ಒಂದು ಗುಟುಕು ನೀರಿಲ್ಲದೆ, ಅವರಿಗೆ ಜ್ವರಗಿರ ಬಂದ್ರೆ ಹೃದಯ ನಿಮಗೇ ಅಂದಿದ್ದಳಲ್ಲ ನರ್ಸ್. ಹದಿನಾರು ವರ್ಷದಿಂದ ವಿಮಾನಗಳನ್ನು ಹಿಂದಕ್ಕೆ ತಳ್ಳುವ ಗಾಡಿ ಓಡಿಸುವವನಿಗೆ ಈ ಲೆಕ್ಕ ಗೊತ್ತಿಲ್ಲವೇ, ಅದು ಬರೀ ಗಾಳಿಯಲ್ಲಿದ್ದಾಗಿನದು, ಬಾಗಿಲು ಮುಚ್ಚಬೇಕು, ತಳ್ಳಬೇಕು, ರನ್‌ವೇ ಮುಂದೆ ಸಾಲು ನಿಲ್ಲಬೇಕು, ಇಳಿಯಲು ಜಾಗ ಸಿಗದೆ ಸುತ್ತಬೇಕು — ಅಷ್ಟು ಸಲೀಸಲ್ಲ ಸಾರ್, ಎರಡು ಗಂಟೆ ಹಿಡೀಬಹುದು, ಮೇಲೆ ರಸ್ತೆ ಬೇರೆ, ಅಂದೇಬಿಟ್ಟ, ಮೇಷ್ಟ್ರ ಮುಖ ಬಿಳುಚಿತು, ಅವನ ಎದೆ ತಣ್ಣಗಾಯಿತು, ಥೂ, ಇದೆಂಥ ತಂಪು. ಹೃದಯ ತರುವ ವಿಮಾನಕ್ಕೆ ಸಾಲೇ ಇಲ್ಲ, ಹೋದ ವರ್ಷ ಹೀಗೇ ಒಂದು ಬಂದಾಗ ಜನ ತುಂಬಿದ್ದ ಎರಡು ವಿಮಾನಗಳನ್ನು ತಳ್ಳದೆ ನಿಲ್ಲಿಸಿದವನು ತಾನೇ, ಅದು ನಾಲಗೆಯ ತುದಿಗೆ ಬಂತು, ನುಂಗಿಕೊಂಡ. ನರ್ಸ್ ಬಂದಳು, ಮೇಷ್ಟ್ರ ಹೆಂಡತಿಯ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಳು, ಏರಲಿ, ಸ್ವಲ್ಪವೇ ಏರಲಿ, ಏನು ಬೇಡುತ್ತಿದ್ದೇನೆ ನಾನು, ಏರಲಿ — ಜ್ವರ ಇಲ್ಲ, ಕರ್ಕೊಂಡು ಹೋಗೋಣ, ಇವಳ ಕಡೆ ತಿರುಗಿ, ನೀವಿನ್ನು ನೀರು ಕುಡೀಬಹುದಮ್ಮ. ಅಷ್ಟೇ. ಎಂಟು ತಿಂಗಳಿಗೆ ಒಂದು ಲೋಟ ನೀರು. ತುಂಬಿಸಿಕೊಂಡು ತಿರುಗಿದರೆ ಇವಳ ಮಂಚ ಖಾಲಿ, ಏದುಸಿರು ಬಿಡುತ್ತ ಆಕೆಯ ಮಂಚದ ಅಂಚಿಗೆ ಕೂತಿದ್ದಾಳೆ, ಹತ್ತಿ ಹಿಡಿದು ಆಕೆಯ ಉಗುರುಬಣ್ಣ ಒರೆಸುತ್ತಿದ್ದಾಳೆ, ಆಪರೇಷನ್‌ಗೆ ಬಣ್ಣ ಇರಬಾರದಂತೆ, ಯಾವ ಗಳಿಗೆಯಲ್ಲಿ ಕರೆಯುತ್ತಾರೋ ಎಂದು ಇವಳು ಎಂಟು ತಿಂಗಳಿಂದ ಹಚ್ಚಿಯೇ ಇಲ್ಲ, ಆಕೆಗೆ ಮೊನ್ನೆ ಮೇಷ್ಟ್ರೇ ಹಚ್ಚಿದ್ದರಂತೆ, ಬೇಸರ ಕಳೆಯಲಿ ಅಂತ, ತಾನು ಒಂದು ದಿನವಾದರೂ ಇವಳಿಗೆ — ಇಲ್ಲ. ಎರಡು ವಿಮಾನ ನಿಲ್ಲಿಸಿದ್ರಲ್ಲ ನೀವು, ಹೇಳ್ರೀ ಇವರಿಗೆ, ಹೆದರಿಕೊಂಡಿದ್ದಾರೆ, ಅಂದಳು ಇವಳು, ತಲೆ ಎತ್ತದೆ. ಹೇಳಿದ. ಎಲ್ಲಾ ನಿಲ್ಲಿಸ್ತಾರೆ ಸಾರ್, ಇದೊಂದನ್ನೇ ಬಿಡ್ತಾರೆ, ಹೇಳುವಾಗ ದನಿ ತನ್ನದೇ ಅನಿಸಲಿಲ್ಲ, ಮೇಷ್ಟ್ರು ಕೈ ಹಿಡಿದುಕೊಂಡರು, ಬಿಡಿಸಿಕೊಳ್ಳಬೇಕೆನಿಸಿತು, ಬಿಡಿಸಿಕೊಳ್ಳಲಿಲ್ಲ, ಮಂಚದ ಗಾಲಿಗಳು ಹೊರಟವು, ಅಯ್ಯೋ ಕಿರುಬೆರಳಿಂದು ಉಳೀತು ಕಣ್ರೀ ಅಂದಳು ಇವಳು, ಹತ್ತಿ ಕೈಯಲ್ಲೇ ಇದೆ, ಅವನೂ ನೋಡಿದ್ದ, ಬಿಳಿ ಹೊದಿಕೆಯ ಮೇಲೆ ಆ ಒಂದು ಉಗುರು, ಬಾಗಿಲು ಮುಚ್ಚಿತು, ಆದರೂ ಆ ಉಗುರು, ಕೆಂಪು, ಅದೊಂದೇ, ಕೆಂಪು —