ಚಕ್ರಪಾಣಿಯವರು ಮೀನು ನೋಡಲು ಹೋದದ್ದು

ರಾಜಾಜಿನಗರದ ಮೂರನೇ ಬ್ಲಾಕಿನಲ್ಲಿರುವ ಚಕ್ರಪಾಣಿಯವರ ಮನೆಯಲ್ಲಿ ಯಾರೂ ಧ್ವನಿ ಎತ್ತಿ ಮಾತಾಡುವುದಿಲ್ಲ ಎಂಬುದು ಇಡೀ ಬೀದಿಗೆ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವರನ್ನು ಚಕ್ರಪಾಣಿಯವರೇ ಕರೆದು ಕೂರಿಸಿ, ಕಾಫಿ ಕೊಟ್ಟು, ತಿಳಿಸಿ ಕಳಿಸುತ್ತಿದ್ದರು. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದಾಗ ಅವರಿಗೆ ಹೆಮ್ಮೆಪಡಲು ಬೇಕಾದಷ್ಟಿತ್ತು. ರಿಟೈರ್ ಆದ ಮೇಲೆ ಉಳಿದದ್ದು ಇದೊಂದೇ. ಅವರು, ಹೆಂಡತಿ ಅಲಮೇಲು, ಮದುವೆ ವಯಸ್ಸಿಗೆ ಬಂದ ಮಗಳು ಪ್ರಭಾ, ಮಗ ಪದ್ಮನಾಭ, ಎರಡು ವರ್ಷದ ಹಿಂದೆ ತುಮಕೂರಿನಿಂದ ತಂದುಕೊಂಡ ಸೊಸೆ ಸೀತಾ. ಐದು ಜನಕ್ಕೂ ಒಂದೇ ಒಲೆ, ಒಂದೇ ಪಂಕ್ತಿ.

ಈ ಹೆಮ್ಮೆಗೆ ಕುತ್ತು ಬಂದದ್ದು ಪದ್ಮನಾಭನ ಕಾರ್ಖಾನೆಯವರಿಂದ. ಜಾಲಹಳ್ಳಿ ಕಡೆ ಅವನಿಗೊಂದು ಕ್ವಾರ್ಟರ್ಸ್ ಮಂಜೂರಾಗಿತ್ತು. ತಿಂಗಳು ಮುಗಿಯುವುದರೊಳಗೆ ಕೀ ತೆಗೆದುಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೋಗುತ್ತದೆ. ಸೀತಾ ಗಂಡನಿಗೆ "ಹೋಗೋಣ" ಅಂದಿದ್ದಳು. ಅಷ್ಟೇ ಅಂದಿದ್ದಳು. ಪದ್ಮನಾಭ ಅದನ್ನು ಅಪ್ಪನ ಮುಂದೆ ಹೇಳಲು ನಾಲ್ಕು ದಿನ ಉಗುಳು ನುಂಗಿದ.

"ಬೇರೆ ಹೋಗಕ್ಕೆ ಏನಾಗಿದೆಯೋ ನಿನಗೆ?" ಎಂದರು ಚಕ್ರಪಾಣಿಯವರು, ಮೆತ್ತಗೆ. "ಜಗಳ ಆಯ್ತಾ? ಯಾರಾದ್ರೂ ಸೀತಂಗೆ ಏನಾದ್ರೂ ಅಂದ್ರಾ? ಹೇಳು, ಈಗಲೇ ಕೇಳ್ತೀನಿ."

ಪದ್ಮನಾಭ ಏನು ಹೇಳಿಯಾನು? ಯಾರೂ ಏನೂ ಅಂದಿರಲಿಲ್ಲ. ಅಂದದ್ದು ಯಾವುದೂ ಅಪ್ಪನ ಮುಂದೆ ಎತ್ತಿ ಹೇಳುವಂಥದ್ದಾಗಿರಲಿಲ್ಲ. ಸೊಸೆ ಕಾಫಿ ತಂದಿಟ್ಟರೆ ಅಲಮೇಲಮ್ಮ ಒಂದು ಗುಟುಕು ಕುಡಿದು "ಸಕ್ಕರೆ ಒಂದು ಚೂರು ಮುಂದಾಗಿದೆ" ಎನ್ನುತ್ತಿದ್ದರು, ನಗುತ್ತಲೇ. ಪ್ರಭಾ "ಅತ್ತಿಗೆ, ನಿಮ್ಮೂರ ಕಡೆ ರಂಗೋಲಿ ಹೀಗೇನಾ ಹಾಕೋದು?" ಎಂದು ಕೇಳುತ್ತಿದ್ದಳು, ತಿಳಿದುಕೊಳ್ಳಲೆಂದೇ ಕೇಳಿದ ಹಾಗೆ. ಸೀತಾ ಬಂದ ಹೊಸದರಲ್ಲಿ ಅಡುಗೆಮನೆಯಲ್ಲಿ ಏನಾದರೂ ಗುನುಗುತ್ತಿದ್ದಳು. "ರೇಡಿಯೊ ಹಾಕೋದೇ ಬೇಡ ನಮ್ಮನೇಲಿ" ಎಂದರು ಅಲಮೇಲಮ್ಮ. ಅದು ಹೊಗಳಿಕೆಯೋ ಇನ್ನೊಂದೋ ತಿಳಿಯದೆ ಸೀತಾ ಗುನುಗುವುದನ್ನೇ ಬಿಟ್ಟಳು. ಇದರಲ್ಲಿ ಯಾವುದನ್ನು ಹಿಡಿದು ದೂರು ಕೊಡುವುದು?

"ಯಾರೂ ಏನೂ ಅಂದಿಲ್ಲಪ್ಪ" ಎಂದ ಪದ್ಮನಾಭ.

"ಮತ್ತೆ? ಹೊಂದಿಕೊಂಡು ಹೋಗೋದು ಕಲೀಬೇಕು" ಎಂದು ಅಪ್ಪ ಮಾತು ಮುಗಿಸಿದರು.

ಚಕ್ರಪಾಣಿಯವರಿಗೆ ಆ ದಿನಗಳಲ್ಲಿ ಅದಕ್ಕಿಂತ ದೊಡ್ಡ ಚಿಂತೆಯಿತ್ತು. ರಕ್ತದೊತ್ತಡಕ್ಕೆ ಮಾತ್ರೆ ಬರೆದುಕೊಟ್ಟ ರಾಮಮಂದಿರದ ಹತ್ತಿರದ ಡಾಕ್ಟರು "ಮನೇಲಿ ಮೀನು ಸಾಕಿ, ದಿನಾ ಅರ್ಧ ಗಂಟೆ ಸುಮ್ಮನೆ ನೋಡಿ" ಎಂದಿದ್ದರು. ನಡುಮನೆಯಲ್ಲಿ ರೇಡಿಯೊ ಪಕ್ಕಕ್ಕೆ ಗಾಜಿನ ತೊಟ್ಟಿ ಬಂತು. ಅದರೊಳಗೆ ಹೆಬ್ಬೆರಳುದ್ದದ, ಕಪ್ಪು ಪಟ್ಟೆಯ ಒಂದು ಹಿಂಡು ಮೀನು ಬಂತು. "ಇದನ್ನ ಕಮ್ಯುನಿಟಿ ಟ್ಯಾಂಕ್ ಅಂತಾರೆ ಸಾರ್, ಎಲ್ಲಾ ಮೀನೂ ಕಚ್ಚಾಡದೆ ಒಟ್ಟಿಗೆ ಇರೋ ತೊಟ್ಟಿ" ಎಂದು ನವರಂಗ್ ಟಾಕೀಸಿನ ಹಿಂದಿನ ಮೀನಂಗಡಿಯ ಮರಿಯಪ್ಪ ಹೇಳಿದಾಗ ಚಕ್ರಪಾಣಿಯವರ ಎದೆ ತುಂಬಿಬಂತು. ತಮ್ಮ ಮನೆಯನ್ನೇ ಯಾರೋ ನೀರೊಳಗೆ ಕಟ್ಟಿಟ್ಟಂತಾಯಿತು. ಬಂದವರಿಗೆಲ್ಲ ತೋರಿಸಿ, "ಜಗಳ ಇಲ್ಲ, ಕದನ ಇಲ್ಲ, ನೋಡಿ" ಎಂದು ಹೇಳತೊಡಗಿದರು.

ಎದುರುಮನೆಯ ಚನ್ನಕೇಶವಯ್ಯ ಒಂದು ದಿನ ನೋಡಿ, "ಚೆನ್ನಾಗಿದೆ. ಆದ್ರೆ ನಟ್ಟನಡುವೆ ಒಂದು ಗಂಭೀರವಾದ ಮೀನಿರಬೇಕು ಸ್ವಾಮಿ. ಈಗ ಯಜಮಾನನಿಲ್ಲದ ಮನೆ ಇದ್ದ ಹಾಗಿದೆ" ಎಂದುಬಿಟ್ಟರು. ಅವರೇನೋ ಹೇಳಿ ಎದ್ದು ಹೋದರು. ಚಕ್ರಪಾಣಿಯವರ ನಿದ್ದೆ ಹೋಯಿತು. ದೊಡ್ಡದನ್ನು ತರುವುದೇನೋ ಸರಿ, ಅದು ಚಿಕ್ಕವನ್ನು ಕಚ್ಚಿದರೆ? ನುಂಗಿಬಿಟ್ಟರೆ? ಈ ಶಾಂತವಾದ ತೊಟ್ಟಿಗೆ ಹೊರಗಿನಿಂದ ಒಂದು ಪ್ರಾಣಿಯನ್ನು ತಂದು ಬಿಡುವುದೆಂದರೆ ಹುಡುಗಾಟವೇ? ಕೂಲಂಕಷವಾಗಿ ವಿಚಾರಿಸಲೇಬೇಕು.

ವಿಚಾರಿಸುವುದು ಹೇಗೆಂದು ಅವರಿಗೆ ಗೊತ್ತಿತ್ತು. ಜೀವನದಲ್ಲಿ ಒಮ್ಮೆ ಮಾಡಿದ್ದರು. ಪಂಚಾಂಗ ತೆಗೆದು, ರಾಹುಕಾಲ ಕಳೆದು, ಪಂಚೆ ಶಲ್ಯ ಹಾಕಿಕೊಂಡು, ಅಲಮೇಲು ಮತ್ತು ಪ್ರಭಾಳನ್ನು ಕರೆದುಕೊಂಡು ಮರಿಯಪ್ಪನ ಅಂಗಡಿಗೆ ಹೊರಟರು. ಸೀತಾ ಮನೆಯಲ್ಲಿ ಉಳಿದಳು, ಒಲೆಯ ಮೇಲೆ ಹುಳಿ ಇತ್ತಲ್ಲ.

ಮರಿಯಪ್ಪ ಮೂವರಿಗೂ ಸ್ಟೂಲು ಹಾಕಿ, ಪಕ್ಕದ ಹೋಟೆಲಿನಿಂದ ಕಾಫಿ ತರಿಸಿದ. ತೋರಿಸಿದ್ದು ಒಂದು ಏಂಜಲ್ ಮೀನು. ಬೆಳ್ಳಿಯ ಮೈ, ಅಂಗೈಯಗಲ. ಮೇಲೂ ಕೆಳಗೂ ಸೆರಗಿನಂತೆ ಇಳಿಬಿದ್ದ ಉದ್ದನೆಯ ರೆಕ್ಕೆ. ಒಂಟಿ ತೊಟ್ಟಿಯಲ್ಲಿ ತಲೆ ತಗ್ಗಿಸಿಕೊಂಡು ನಿಂತಿತ್ತು.

"ಲಕ್ಷಣವಾಗಿದೆ" ಎಂದರು ಅಲಮೇಲಮ್ಮ. "ಕಚ್ಚೋ ಪೈಕಿ ಏನಾದ್ರೂನಾ?"

"ಅಯ್ಯೋ, ಸಾಧು ಅಂದ್ರೆ ಸಾಧು ಅಮ್ಮ." ಮರಿಯಪ್ಪ ಯಾವ ಮೀನಿನ ಬಗ್ಗೆ ಕೇಳಿದರೂ ಇದನ್ನೇ ಹೇಳುತ್ತಿದ್ದ.

"ಊಟ ತಿಂಡಿ?"

"ಒಣಗಿದ ಪುಡಿ ಹಾಕಿದ್ರೂ ತಿನ್ನತ್ತೆ. ಹುಳಾನೇ ಬೇಕು ಅಂತ ಹಟ ಮಾಡಲ್ಲ."

"ಹಿಂದೆ ಎಲ್ಲಿತ್ತು?" ಎಂದರು ಚಕ್ರಪಾಣಿಯವರು. "ಅಲ್ಲಿ ಏನಾದ್ರೂ ತಕರಾರು ಮಾಡಿಕೊಂಡು ಬಂದಿದ್ದಾ?"

"ಇಲ್ಲೇ ಹುಟ್ಟಿ ಬೆಳೆದದ್ದು ಸಾರ್, ನನ್ನ ಕಣ್ಮುಂದೆ."

"ಸ್ವಲ್ಪ ನಡೆಸಿ ತೋರಿಸ್ತೀರಾ?" ಎಂದಳು ಪ್ರಭಾ.

ಮರಿಯಪ್ಪ ಗಾಜಿನ ಮೇಲೆ ಬೆರಳಾಡಿಸಿದ. ಮೀನು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಬಂದು, ತಿರುಗಿ, ಹಿಂದಕ್ಕೆ ಹೋಯಿತು. ತುಮಕೂರಿನಲ್ಲಿ ಸೀತಾ ಉಪ್ಪಿಟ್ಟಿನ ತಟ್ಟೆ ಹಿಡಿದು ಹೀಗೆಯೇ ಬಂದು ಹೋಗಿದ್ದಳು. ಆಗಲೂ ಅಲಮೇಲಮ್ಮ ಇದೇ ಮಾತು ಹೇಳಿದ್ದರು: "ನಡೆ ಚೆನ್ನಾಗಿದೆ."

"ಮನೆಗೆ ಹೋಗಿ ಯೋಚನೆ ಮಾಡಿ ತಿಳಿಸ್ತೀವಿ" ಎಂದು ಚಕ್ರಪಾಣಿಯವರು ಎದ್ದರು. ಮರಿಯಪ್ಪ ಮೂವತ್ತು ವರ್ಷ ಮೀನು ಮಾರಿದ್ದಾನೆ, ಈ ಮಾತು ಕೇಳಿದ್ದು ಅದೇ ಮೊದಲು.

ಎರಡು ದಿನದ ನಂತರ ಒಪ್ಪಿಗೆ ಹೋಯಿತು. ಮೀನು ಮನೆ ತುಂಬಿತು. ಅಲಮೇಲಮ್ಮ ತೊಟ್ಟಿಗೊಂದು ಕುಂಕುಮದ ಬೊಟ್ಟು ಕೂಡ ಇಟ್ಟರು. ಹಿಂಡಿನ ನಡುವೆ ಅದು ತೇಲಿ ನಿಂತಾಗ, ಸುಳ್ಳೇಕೆ ಹೇಳಬೇಕು, ಚೆಂದವಾಗಿಯೇ ಇತ್ತು. ಚನ್ನಕೇಶವಯ್ಯ ಬಂದು "ಈಗ ಸರಿಹೋಯ್ತು ನೋಡಿ" ಎಂದರು.

ಚಕ್ರಪಾಣಿಯವರು ಅಷ್ಟಕ್ಕೆ ಮೈಮರೆಯುವವರಲ್ಲ. ಕುರ್ಚಿ ಎಳೆದುಕೊಂಡು, ಕನ್ನಡಕ ಒರೆಸಿಕೊಂಡು, ಹೊಸ ಮೀನನ್ನು ಕಾಯುತ್ತ ಕೂತರು. ಅದು ಬಾಯಿ ತೆರೆದರೆ ಇವರ ಎದೆ ಧಸಕ್ ಎನ್ನುತ್ತಿತ್ತು. ಅದು ಯಾರ ತಂಟೆಗೂ ಹೋಗಲಿಲ್ಲ. ದಿನ ಕಳೆದಂತೆ ನಡುವಿನಿಂದ ಸರಿದು ಮೂಲೆ ಹಿಡಿಯಿತು. ಪುಡಿ ಹಾಕಿದರೆ ಮುಂದೆ ಬರುವುದಿಲ್ಲ. ಇಳಿಬಿದ್ದ ರೆಕ್ಕೆಗಳು ಮೊದಲಿನಷ್ಟು ಉದ್ದವಿಲ್ಲವೇನೋ ಎಂದು ಅನುಮಾನವಾಯಿತು. ಅಂಚು ಹರಿದ ಹಳೇ ಸೀರೆಯಂತೆ ಎಳೆ ಎಳೆಯಾಗಿ ಕಾಣುತ್ತಿತ್ತು.

"ಗುಮ್ಮನ ಹಾಗೆ ಮೂಲೇಲಿ ಕೂತಿರತ್ತೆ" ಎಂದರು ಅಲಮೇಲಮ್ಮ. "ಎಲ್ಲರ ಜೊತೆ ಬೆರೆಯೋ ಸ್ವಭಾವ ಇಲ್ಲ ಇದಕ್ಕೆ."

"ಜಂಬ ಅಮ್ಮ" ಎಂದಳು ಪ್ರಭಾ.

ಮರಿಯಪ್ಪನನ್ನು ಕೇಳಿದರೆ "ಹೊಸ ಜಾಗ ಸಾರ್, ಹೊಂದಿಕೊಳ್ಳತ್ತೆ" ಎಂದ. ಅದು ಚಕ್ರಪಾಣಿಯವರಿಗೂ ಸರಿಯೆನಿಸಿತು. ತೊಟ್ಟಿಯ ಮುಂದೆ ಬಗ್ಗಿ, "ಹೊಂದಿಕೊಂಡು ಹೋಗಮ್ಮ" ಎಂದು ಅದಕ್ಕೆ ಬುದ್ಧಿಯನ್ನೂ ಹೇಳಿದರು. ಕಸ ಗುಡಿಸುತ್ತಿದ್ದ ಸೀತಾ ತಲೆ ಎತ್ತಿ ಮಾವನನ್ನು ನೋಡಿ, ಮತ್ತೆ ಗುಡಿಸತೊಡಗಿದಳು.

ಕೀ ತೆಗೆದುಕೊಳ್ಳಲು ಕೊನೆಯ ದಿನ ನಾಳೆ ಎನ್ನುವಾಗ, ಆ ಭಾನುವಾರ ಮಧ್ಯಾಹ್ನ, ಊಟವಾಗಿ ಮನೆಯೆಲ್ಲ ಮಲಗಿತ್ತು. ಚಕ್ರಪಾಣಿಯವರು ಮೀನು ಕಾಯುತ್ತ ಕೂತು ತೂಕಡಿಸಿ, ಕಣ್ಣು ಬಿಟ್ಟರು. ದೊಡ್ಡ ಮೀನಿನ ಬಾಯನ್ನೇ ನೋಡುವ ಅಭ್ಯಾಸವಾಗಿದ್ದ ಕಣ್ಣು ಅಂದು ಯಾಕೋ ಅದರ ಬಾಲದ ಮೇಲೆ ಬಿತ್ತು. ಪಟ್ಟೆಯ ಚಿಕ್ಕ ಮೀನೊಂದು ಆಡುತ್ತಾ ಬಂತು. ರೆಕ್ಕೆಯ ತುದಿಗೆ ಬಾಯಿ ಹಾಕಿ ಒಂದು ಚಿವುಟು ಚಿವುಟಿತು, ಏನೂ ಮಾಡದವರ ಹಾಗೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. ಅದೂ ಒಂದೇ ಚಿವುಟು. ಆಮೇಲೆ ಮತ್ತೊಂದು. ಯಾವುದಕ್ಕೂ ಸಿಟ್ಟಿರಲಿಲ್ಲ, ಯಾವುದೂ ಅಟ್ಟಿಸಿಕೊಂಡು ಹೋಗಲಿಲ್ಲ. ಬೆಳ್ಳಿ ಮೀನು ಪ್ರತಿ ಸಲವೂ ಮೈ ಕುಗ್ಗಿಸಿಕೊಂಡು ಗಾಜಿಗೆ ಇನ್ನಷ್ಟು ಅಂಟುತ್ತಿತ್ತು.

"ಅಲಮೇಲು!" ಎಂದು ಚಕ್ರಪಾಣಿಯವರು ಕೂಗಿದರು. ಆ ಮನೆಯಲ್ಲಿ ಧ್ವನಿ ಎತ್ತಿದ್ದು ಅಂದೇ ಮೊದಲು. ಎಲ್ಲರೂ ಎದ್ದು ಓಡಿಬಂದರು. ಚಕ್ರಪಾಣಿಯವರು ಉಪ್ಪಿನಕಾಯಿ ಹಾಕಲು ಬಿಸಿಲಿಗಿಟ್ಟಿದ್ದ ದೊಡ್ಡ ಗಾಜಿನ ಭರಣಿ ತರಿಸಿ, ತೊಟ್ಟಿಯದೇ ನೀರು ಸುರಿದು, ಮೀನನ್ನು ತಾವೇ ಬೊಗಸೆಯಲ್ಲಿ ಎತ್ತಿ ಅದಕ್ಕೆ ಬಿಟ್ಟರು. ಪಂಚೆಯೆಲ್ಲ ಒದ್ದೆ. ಕಣ್ಣೂ ಒದ್ದೆಯಾಗಿತ್ತು.

"ಚಿಕ್ಕವಲ್ವಾ, ಅವು ಏನು ಮಾಡ್ಯಾವು ಅಂದ್ಕೊಂಡಿದ್ವಿ" ಎಂದರು ಅಲಮೇಲಮ್ಮ.

"ಅದೇ ಕಣೇ ನಾವು ಮಾಡಿದ ತಪ್ಪು!" ಎಂದರು ಚಕ್ರಪಾಣಿಯವರು. "ಬರೋ ಮೀನು ಸಾಧುನಾ ಅಂತ ನೂರು ಸಲ ಕೇಳಿದ್ವಿ. ಇರೋ ಮೀನು ಹೇಗೆ ಅಂತ ಒಬ್ಬರಾದ್ರೂ ಕೇಳಿದ್ವಾ? ಅವೂ ಕೆಟ್ಟವಲ್ಲ. ಒಂದೊಂದು ಮಾಡಿದ್ದೂ ಒಂದು ಚಿವುಟು, ಅಷ್ಟೆ. ಆದ್ರೆ ದಿನಾ ಚಿವುಟಿಸಿಕೊಳ್ಳೋದಕ್ಕೆ ಏನಾಗಬೇಡ? ಬೇರೆ ಇಟ್ರೆ ಅದೂ ಚೆನ್ನಾಗಿರತ್ತೆ, ಇವೂ ಚೆನ್ನಾಗಿರ್ತವೆ."

ಭರಣಿಯಲ್ಲಿ ಮೀನು ಸ್ವಲ್ಪ ಹೊತ್ತು ನಿಂತೇ ಇತ್ತು. ಆಮೇಲೆ ಉಳಿದಿದ್ದಷ್ಟು ರೆಕ್ಕೆ ಬಿಚ್ಚಿ ಒಂದು ಸುತ್ತು ಬಂತು.

ಸೀತಾ ಕಾಫಿಯ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಂದೊಂದಾಗಿ ಎಲ್ಲರಿಗೂ ಕೊಟ್ಟು, ಕೊನೆಗೆ ಮಾವನ ಮುಂದೆ ಬಂದಳು.

"ಮಾವ" ಎಂದಳು. "ಈಗ ಹೇಳಿದ್ರಲ್ಲ, ಅದನ್ನ ಇವರಿಗೂ ಒಂದು ಸಲ ಹೇಳ್ತೀರಾ? ನಾಳೆ ಕೀ ಇಸ್ಕೊಳ್ಳಬೇಕಂತೆ."

ಪದ್ಮನಾಭ ನೆಲ ನೋಡಿದ. ಪ್ರಭಾ ಅಮ್ಮನನ್ನು ನೋಡಿದಳು. ಚಕ್ರಪಾಣಿಯವರು ಭರಣಿಯನ್ನೂ ಸೊಸೆಯನ್ನೂ ನೋಡಿದರು. ತುಮಕೂರಿನಲ್ಲಿ ತಟ್ಟೆ ಹಿಡಿದು ಬಂದ ಹುಡುಗಿಯ ಮುಖ ದುಂಡಗಿತ್ತು. ಇವಳ ಕೆನ್ನೆ ಯಾವಾಗ ಇಷ್ಟು ಒಳಗೆ ಹೋಯಿತು? ನಾಚಿಕೆ ಎಂಬುದು ಅವರ ಮೈಮೇಲೆ ಬಂದು ಕೂತಿತು. ಮಗನ ಕಡೆ ತಿರುಗಿದರು.

"ಅಲ್ಲಿ ನೀರಿನ ಅನುಕೂಲ ಹೇಗಿದೆಯೋ?" ಎಂದರು. "ಅಕ್ಕಪಕ್ಕದವರು ಹೇಗೆ? ವಿಚಾರಿಸಿದೀಯಾ?"

ಅಲಮೇಲಮ್ಮನಿಗೆ ದಿಕ್ಕೇ ತೋಚಲಿಲ್ಲ. ಎರಡು ವರ್ಷದ ಅಭ್ಯಾಸ ತಾನಾಗಿಯೇ ಬಾಯಿಗೆ ಬಂತು. ಒಂದು ಗುಟುಕು ಕಾಫಿ ಕುಡಿದು, "ಸಕ್ಕರೆ ಒಂದು ಚೂರು ಮುಂದಾಗಿದೆ" ಎಂದರು.

ಚಕ್ರಪಾಣಿಯವರೂ ಒಂದು ಗುಟುಕು ಕುಡಿದು ನೋಡಿದರು.

"ಸರಿಯಾಗೇ ಇದೆ ಕಣೇ" ಎಂದರು. "ಯಾವಾಗಲೂ ಸರಿಯಾಗೇ ಇತ್ತು."